ಬಾಗಿಲ ಮುಂದಿನ ಚಪ್ಪಾಳೆ

ನಮ್ಮ ಊರಿನಲ್ಲಿ ಚಪ್ಪಾಳೆ ಕೇಳಿದರೆ ಯಾರಿಗೂ ಖುಷಿಯಾಗುವುದಿಲ್ಲ. ಬೆಳಕು ಹರಿಯುವ ಮುಂಚೆ, ಬೀದಿದೀಪಗಳು ಇನ್ನೂ ಉರಿಯುತ್ತಿರುವಾಗ, ಮೊದಲು ಬೂಟುಗಳ ಸದ್ದು ಬರುತ್ತದೆ. ಆ ಸದ್ದು ಮೂಲೆ ತಿರುಗಿ ಒಂದು ಬೀದಿಗೆ ಬಂತೆಂದರೆ ಹಾಸಿಗೆಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಾರೆ, ಇವತ್ತು ಯಾರ ಮನೆ ಗ್ರಹಚಾರವೋ ಎಂದು. ಸದ್ದು ಒಂದು ಬಾಗಿಲ ಮುಂದೆ ನಿಲ್ಲುತ್ತದೆ. ಒಬ್ಬರು ಶುರು ಮಾಡುತ್ತಾರೆ, ಉಳಿದವರು ಸೇರಿಕೊಳ್ಳುತ್ತಾರೆ. ಮಾತಿಲ್ಲ, ಕೂಗಿಲ್ಲ, ಒಂದೇ ತಾಳದಲ್ಲಿ ಚಪ್ಪಾಳೆ. ಒಳಗಿರುವವನು ಬೂಟು ಹಾಕಿಕೊಂಡು ಹೊರಗೆ ಬರುವ ತನಕ ಅದು ನಿಲ್ಲುವುದಿಲ್ಲ.

ಈ ಪೀಡೆಯನ್ನು ಕಂಡುಹಿಡಿದ ಪುಣ್ಯಾತ್ಮರು ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ. ಅವರ ಕಥೆಯನ್ನೇ ಹೇಳಲು ಹೊರಟಿದ್ದೇನೆ. ನಾನು ಅವರ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನವರ ಪ್ಯಾಂಟು ಉದ್ದ ಮಾಡುವವಳು, ಗಿಡ್ಡ ಮಾಡುವವಳು. ಯಾಕೆ ಮದುವೆಯಾಗಲಿಲ್ಲ ಎಂದು ಯಾರಾದರೂ ಕೇಳಿದರೆ ಭಾವನನ್ನು ತೋರಿಸಿ, ಇಂಥ ಗಂಡಸು ಮನೆಗೆ ಒಬ್ಬರು ಸಾಲದೇ ಎನ್ನುತ್ತೇನೆ. ಅವರಿಗೂ ಅದು ಗೊತ್ತು. ಗೊತ್ತಿದ್ದೇ ನಗುತ್ತಾರೆ.

ಭಾವನ ಕೆಲಸ ಅಂಗಡಿಗಳ ಶಟರ್ ರಿಪೇರಿ. ಬೆಳಿಗ್ಗೆ ಒಬ್ಬರ ಶಟರ್ ಮೇಲೇಳುವುದಿಲ್ಲ, ರಾತ್ರಿ ಇನ್ನೊಬ್ಬರದು ಕೆಳಗಿಳಿಯುವುದಿಲ್ಲ, ಎರಡಕ್ಕೂ ಭಾವನೇ ಬೇಕು. ಏಣಿ ಹಾಕಿ, ಮೇಲಿನ ಉರುಳೆಯ ಸ್ಪ್ರಿಂಗು ಬಿಗಿದು, ಪಕ್ಕದ ಕಂಬಿಗಳಿಗೆ ಗ್ರೀಸ್ ಬಳಿದು, ಕೊನೆಗೆ ಒಂದೇ ಎಳೆತಕ್ಕೆ ಸರ್ರನೆ ಎತ್ತಿ ತೋರಿಸುತ್ತಾರೆ. ಅವರ ಕೈಯ ಕಪ್ಪು ಯಾವ ಸೋಪಿಗೂ ಹೋಗುವುದಿಲ್ಲ. ನಾನು ಹೊಲಿದಿಟ್ಟ ಬಿಳಿ ಬಟ್ಟೆಯನ್ನು ಅವರು ಮುಟ್ಟಬಾರದೆಂಬುದು ಈ ಮನೆಯ ಕಾನೂನು. ಅದನ್ನು ಅವರು ವಾರಕ್ಕೊಮ್ಮೆಯಾದರೂ ಮುರಿಯುತ್ತಾರೆ.

ಅವರು ಹುಟ್ಟಾ ಓಟಗಾರರೇನಲ್ಲ. ಮದುವೆಯಾದ ಹೊಸದರಲ್ಲಿ ಮಹಡಿ ಮೆಟ್ಟಿಲು ಹತ್ತುವಾಗ ನಡುವೆಯೇ ಏದುಸಿರು ಬಿಡುತ್ತಾ ಕೂತುಬಿಡುತ್ತಿದ್ದರು. "ಭಾವ, ಅಲ್ಲೇ ಹಾಸಿಗೆ ಹಾಸ್ಲಾ?" ಎಂದು ನಾನು ಮೇಲಿನಿಂದ ಕೇಳುತ್ತಿದ್ದೆ. ಹೊಟ್ಟೆ ಮುಂದೆ, ಮನುಷ್ಯ ಹಿಂದೆ. ಬೀಡಿ ಬೇರೆ. ಒಂದು ಸಲ ಏಣಿಯ ಮೇಲೆಯೇ ಕಣ್ಣು ಕತ್ತಲೆ ಬಂದು ಅಂಗಡಿಯವನ ಹೆಗಲ ಮೇಲೆ ಬಿದ್ದರು. ಆಗ ಡಾಕ್ಟರು ಕೊಟ್ಟ ಬೈಗುಳ ತಿಂದು, ಹೇಗೋ ಏನೋ ಬೆಳಗಿನ ಗುಂಪಿಗೆ ಸೇರಿದರು.

ಬೆಳಗಿನ ಗುಂಪು ಎಂದರೆ ಮುಚ್ಚಿಹೋದ ಗಿರಣಿಯ ಹಿಂದಿನ ಮೈದಾನದಲ್ಲಿ ಓಡುವ ಜನ. ಅದರ ಯಜಮಾನಿಕೆ ಗೂಡ್ಸ್ ರೈಲಿನಲ್ಲಿ ಗಾರ್ಡ್ ಆಗಿ ನಿವೃತ್ತರಾದವರದು. ಕೆಲಸ ಬಿಟ್ಟರೂ ಅವರು ಸೀಟಿ ಬಿಟ್ಟಿರಲಿಲ್ಲ. ಅವರು ಊದಿದರೆ ಓಟ ಶುರು, ಮತ್ತೆ ಊದಿದರೆ ನಿಲುಗಡೆ. ಬೇಕರಿಯವನು, ಬಸ್ ಕಂಡಕ್ಟರ್, ಇಬ್ಬರು ನರ್ಸುಗಳು, ಹೀಗೆ ದಿನವಿಡೀ ನಿಂತು ದುಡಿಯುವವರೇ ಅಲ್ಲಿ ಹೆಚ್ಚು. ಭಾವ ಹೋದರು, ಬಿದ್ದರು, ಎದ್ದರು, ಬೀಡಿ ಬಿಟ್ಟರು, ತೆಳ್ಳಗಾದರು. ಅವರ ಪ್ಯಾಂಟುಗಳನ್ನೆಲ್ಲ ಬಿಚ್ಚಿ ಚಿಕ್ಕದು ಮಾಡಿದವಳು ನಾನೇ. ಹಳೆಯ ಒಂದು ಪ್ಯಾಂಟಿನಲ್ಲಿ ಅವರೂ ಅಕ್ಕನೂ ಇಬ್ಬರೂ ನಿಲ್ಲಬಹುದಿತ್ತು. ನಿಂತು ತೋರಿಸಿ ಮನೆಯವರನ್ನೆಲ್ಲ ನಗಿಸಿದರು ಕೂಡ.

ಆದರೆ ಹೊಸದಾಗಿ ಕಲಿತವರ ಹುರುಪಿದೆಯಲ್ಲ, ಅದು ತುಂಬಾ ಕೆಟ್ಟದ್ದು. ತಾವು ಎದ್ದದ್ದಷ್ಟೇ ಸಾಲದು, ಊರೆಲ್ಲ ಏಳಬೇಕು. ಒಂದು ದಿನ ಬೇಕರಿಯವನು ಬರಲಿಲ್ಲವೆಂದು ಭಾವ ಇಡೀ ಗುಂಪನ್ನು ಅವನ ಮನೆಗೆ ಕರೆದುಕೊಂಡು ಹೋಗಿ ಬಾಗಿಲ ಮುಂದೆ ಚಪ್ಪಾಳೆ ಹೊಡೆಸಿದರು. ಅವನು ಲುಂಗಿಯಲ್ಲೇ ಹೊರಗೆ ಬಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಅದೇ ಪದ್ಧತಿಯಾಯಿತು. ಹೆರಿಗೆ, ಹೆಣ, ಜೈಲು, ಈ ಮೂರು ಬಿಟ್ಟು ಬೇರೆ ಯಾವ ನೆಪವೂ ನಡೆಯುವುದಿಲ್ಲ ಎಂದು ಭಾವ ಸಾರಿದರು. "ಜ್ವರ ಬಂದ್ರೆ?" ಎಂದು ನಾನು ಕೇಳಿದ್ದೆ. "ಬೆವರು ಬಂದ್ರೆ ಜ್ವರ ಬಿಡುತ್ತೆ" ಎಂದು ನನ್ನ ತಲೆ ಸವರಿ ಹೋಗಿದ್ದರು. ಡಾಕ್ಟರ್ ಓದು ಯಾವಾಗ ಮುಗಿಸಿದರೋ ನಾ ಕಾಣೆ.

ಅಂಚೆಯಜ್ಜನ ಮನೆ ನಮ್ಮ ಎದುರಿಗೇ ಇದೆ. ನನ್ನ ಯಂತ್ರದ ಮುಂದೆ ಕೂತರೆ ಅವರ ಬಾಗಿಲು ನೇರ ಕಾಣುತ್ತದೆ. ಜೀವಮಾನವೆಲ್ಲ ಸೈಕಲ್ ಮೇಲೆ ಕಾಗದ ಹಂಚಿದವರು, ನಿವೃತ್ತರಾದ ಮೇಲೆ ಕಾಲು ಸುಮ್ಮನಿರದೆ ಗುಂಪಿಗೆ ಸೇರಿದ್ದರು. ಎಲ್ಲರಿಗಿಂತ ಹಿಂದೆ, ಎಲ್ಲರಿಗಿಂತ ಹೆಚ್ಚು ಮಾತಾಡುತ್ತಾ ಓಡುತ್ತಿದ್ದರು. ಯಾವ ಮನೆಯ ನಾಯಿ ಯಾವತ್ತು ಕಚ್ಚಿತು ಎಂಬ ಪುರಾಣವೆಲ್ಲ ಅವರ ಬಾಯಲ್ಲಿತ್ತು. ಭಾವನಿಗೆ ತಂದೆ ಚಿಕ್ಕಂದಿನಲ್ಲೇ ಹೋಗಿದ್ದರು. ಅಜ್ಜನನ್ನು ಕಂಡರೆ ಅವರಿಗೆ ಏನೋ ಒಂದು ಸಲಿಗೆ, ಏನೋ ಒಂದು ಹಕ್ಕು.

ಅವತ್ತು ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರಿನ ಬಾಗಿಲು ಕಾಣುತ್ತಿರಲಿಲ್ಲ. ಮದುವೆಯ ಬಟ್ಟೆಗಳನ್ನು ಮುಗಿಸಿಕೊಡಬೇಕಿದ್ದರಿಂದ ನಾನು ಬೇಗ ಎದ್ದು ಕೂತಿದ್ದೆ. ಬೂಟುಗಳ ಸದ್ದು ಬಂದು ಅಜ್ಜನ ಮನೆ ಮುಂದೆ ನಿಂತಿತು. ಚಪ್ಪಾಳೆ ಶುರುವಾಯಿತು. ಮೊದಲ ಚಪ್ಪಾಳೆ ಭಾವನದೇ ಎಂದು ನನಗೆ ಗೊತ್ತು, ಅವರ ಅಂಗೈ ತಗಡಿನಂತೆ ಸದ್ದು ಮಾಡುತ್ತದೆ. ತುಂಬಾ ಹೊತ್ತು ಹೊಡೆದರು. ಆಮೇಲೆ ಬಾಗಿಲು ತೆರೆದ ಕಿರ್ರ್ ಸದ್ದು.

"ಇವತ್ತು ಬೇಡ ಕಣ್ರಪ್ಪಾ. ಮೈ ಯಾಕೋ ಏಳ್ತಾ ಇಲ್ಲ" ಎಂದಿತು ಅಜ್ಜನ ದನಿ.

"ಮೈ ಯಾವತ್ತೂ ಬೇಡ ಅಂತಾನೇ ಹೇಳೋದು ಅಜ್ಜ. ಅದರ ಮಾತು ಕೇಳ್ಬಾರ್ದು" ಎಂದರು ಭಾವ. ಗುಂಪು ನಕ್ಕಿತು. ಚಪ್ಪಾಳೆ ಮತ್ತೆ ಶುರುವಾಯಿತು, ಇನ್ನೂ ಜೋರಾಗಿ.

ಅಜ್ಜ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, "ನಡೀರಿ, ಪೀಡೆಗಳಾ" ಎಂದು ನಗುತ್ತಾ ಓಡಿದರು. ಬೂಟುಗಳ ಸದ್ದು ಮಂಜಿನೊಳಗೆ ಕರಗಿತು. ನಾನು ತೋಳಿಗೆ ಗುಂಡಿ ಹಾಕುತ್ತಾ ಕೂತೆ. ಮದುವಣಗಿತ್ತಿಯ ರವಿಕೆ ಮುಗಿಯುವಷ್ಟರಲ್ಲಿ ಬೇಕರಿಯವನ ವ್ಯಾನು ನಿಧಾನವಾಗಿ ಬೀದಿಗೆ ಬಂತು. ಹಿಂದಿನ ಬಾಗಿಲು ತೆರೆದಾಗ ಬಿಸಿ ಬ್ರೆಡ್ಡಿನ ವಾಸನೆ ಬಂತು, ಬ್ರೆಡ್ ತಟ್ಟೆಗಳ ನಡುವೆ ಅಜ್ಜ ಮಲಗಿದ್ದರು. ಮೈದಾನದ ದೂರದ ತಿರುವಿನಲ್ಲಿ, ಮಾತಾಡುತ್ತಾ ಮಾತಾಡುತ್ತಾ ಬಿದ್ದಿದ್ದರಂತೆ.

ಊರು ಏನೆಂದಿತು ಗೊತ್ತೇ? "ಓಡ್ತಾ ಓಡ್ತಾನೇ ಹೋದ್ರು. ಇಂಥ ಸಾವು ಯಾರಿಗೆ ಸಿಗುತ್ತೆ!" ಗಾರ್ಡ್ ಸಾಹೇಬರು ಕಣ್ಣೊರೆಸಿಕೊಂಡು ಸೀಟಿ ಊದಿದರು. ಅಜ್ಜನ ನೆನಪಿಗೆ ಪ್ರತಿದಿನ ಒಂದು ಸುತ್ತು ಹೆಚ್ಚು ಓಡಬೇಕೆಂದು ಗುಂಪು ತೀರ್ಮಾನಿಸಿತು. ಅದಕ್ಕೆ ಅಜ್ಜನ ಸುತ್ತು ಎಂದು ಹೆಸರಿಟ್ಟರು. ಬೇಡವೆಂದವನನ್ನು ಎಳೆದುಕೊಂಡು ಹೋಗಿ ಸಾಯಿಸಿ, ಅವನ ಹೆಸರಿನಲ್ಲಿ ಇನ್ನಷ್ಟು ಓಡುವ ಜನ! ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಭಾವನ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

ಆಮೇಲೆ ಭಾವ ಮೊದಲಿನಂತಿರಲಿಲ್ಲ. ನಗು ನಿಂತಿತು. ಅಜ್ಜನ ಹೆಂಡತಿ ಅಂಚೆಯಜ್ಜಿಯ ಮನೆಯ ಗೇಟಿನ ಕೀಲು ಸರಿಮಾಡಿದರು, ನಲ್ಲಿ ಸರಿಮಾಡಿದರು, ಕಿಟಕಿಗಳ ಚಿಲಕ ಬದಲಿಸಿದರು, ಏನನ್ನಾದರೂ ಸರಿಮಾಡಲು ಹೋಗುತ್ತಲೇ ಇದ್ದರು. ಆದರೆ ಅಜ್ಜಿ ಚಹಾ ತಂದರೆ ನಿಲ್ಲುತ್ತಿರಲಿಲ್ಲ. ಓಟ ಮಾತ್ರ ಹುಚ್ಚಿನಂತೆ ಹೆಚ್ಚಾಯಿತು. ಎಲ್ಲರೂ ಅಜ್ಜನ ಸುತ್ತು ಒಂದು ಓಡಿದರೆ ಇವರು ಗುಂಪು ಚದುರಿದ ಮೇಲೂ ಒಬ್ಬರೇ ಓಡುತ್ತಿದ್ದರು. ಒಂದು ದಿನ ಎಲ್ಲರ ಮುಂದೆ ಹೇಳಿಬಿಟ್ಟರಂತೆ: "ನಾನು ಯಾವತ್ತಾದ್ರೂ ಬರ್ಲಿಲ್ಲ ಅಂದ್ರೆ ನೀವು ಬಿಡಬಾರ್ದು. ನಾನೇ ಬೇಡ ಅಂದ್ರೂ ಕೇಳ್ಬಾರ್ದು. ನಾನು ಬರೋವರೆಗೂ ಹೊಡೀಬೇಕು. ಆಣೆ ಮಾಡಿ." ಗುಂಪು ಆಣೆ ಮಾಡಿತು. ಇದನ್ನು ನರ್ಸೊಬ್ಬಳು ಲಂಗ ಹೊಲಿಸಲು ಬಂದಾಗ ನನಗೆ ಹೇಳಿದಳು. ಸೂಜಿ ಬೆರಳಿಗೆ ಚುಚ್ಚಿತು.

ಈ ವರ್ಷ ಊರಿಗೆಲ್ಲ ಕೆಮ್ಮು ಜ್ವರ. ಭಾವನಿಗೂ ಬಂತು. ಮೈ ಕೆಂಡದಂತೆ ಸುಡುತ್ತಿದ್ದರೂ ಓಡಲು ಹೋದರು. ಅಕ್ಕ ಬಾಯಿ ಬಡಿದುಕೊಂಡಳು, ಕೇಳಲಿಲ್ಲ. ಜ್ವರವೇನೋ ಬಿಟ್ಟಿತು. ಆದರೆ ಮನುಷ್ಯ ಬೂದಿ ಬಣ್ಣಕ್ಕೆ ತಿರುಗಿದರು. ಊಟದ ನಡುವೆ ತುತ್ತು ಹಿಡಿದುಕೊಂಡು ಉಸಿರಿಗಾಗಿ ಕಾಯುತ್ತಿದ್ದರು. ಮಲಗಿದರೆ ಕೆಮ್ಮು, ಕೂತರೆ ನಿದ್ದೆ. ಸಂಜೆ ಕಾಲ್ಚೀಲ ಬಿಚ್ಚಿದರೆ ಅದರ ಗುರುತು ಕಣಕಾಲಿನ ಮೇಲೆ ಕೊರೆದಿಟ್ಟಂತೆ ಉಳಿಯುತ್ತಿತ್ತು. ಹಳೆಯ ಕಾಲದಂತೆ ಮೆಟ್ಟಿಲ ನಡುವೆ ಕೂತದ್ದನ್ನು ನೋಡಿದೆ. ಹಾಸಿಗೆ ಹಾಸ್ಲಾ ಎಂದು ಕೇಳಲು ನನ್ನ ನಾಲಿಗೆ ಏಳಲಿಲ್ಲ.

ಆಮೇಲೆ ಬೇಕರಿಯ ಶಟರ್. ಭಾವ ಸ್ಪ್ರಿಂಗು ಬದಲಿಸಲು ಹೋಗಿದ್ದರು. ಶಟರನ್ನು ಅರ್ಧಕ್ಕೆ ಎತ್ತಿ ಹೆಗಲು ಕೊಟ್ಟು ನಿಂತಿದ್ದಾಗ ಕೈ ಸೋತಿತು. ಇಡೀ ಶಟರ್ ಧಡಾರೆಂದು ಕೆಳಗೆ ಬಿತ್ತು. ಅವರ ಕಾಲ್ಬೆರಳಿಗೂ ಅದಕ್ಕೂ ಒಂದು ಬೆರಳಿನಷ್ಟು ಜಾಗ ಉಳಿದಿತ್ತಂತೆ. ಸದ್ದಿಗೆ ಬೀದಿಯೆಲ್ಲ ಓಡಿಬಂತು. ಭಾವ ಗೋಡೆಗೊರಗಿ ಕೂತು ಎದೆಯ ಮೇಲೆ ಕೈ ಇಟ್ಟುಕೊಂಡಿದ್ದರು. ಅವರ ಕೈಯಲ್ಲಿ ಶಟರ್ ಬಿದ್ದದ್ದು ಅದೇ ಮೊದಲು. ಬೇಕರಿಯವನು ಅದೇ ವ್ಯಾನಿನಲ್ಲಿ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಹಿಂದೆ ಕೂರಲು ಭಾವ ಒಪ್ಪಲಿಲ್ಲ.

ಡಾಕ್ಟರು ಎದೆಗೆ ಯಂತ್ರ ಇಟ್ಟು ನೋಡಿ, ಅಕ್ಕನನ್ನೂ ನನ್ನನ್ನೂ ಒಳಗೆ ಕರೆದರು. "ಜ್ವರ ಹೃದಯಕ್ಕೆ ಹೋಗಿದೆ. ಊದಿಕೊಂಡಿದೆ. ಸುಮ್ನೆ ಬಿಟ್ರೆ ವಾಸಿಯಾಗೋ ಥರದ್ದೇ ಇದು. ಓಡೋದು, ಭಾರ ಎತ್ತೋದು, ಮೆಟ್ಟಿಲು ಹತ್ತೋದು ಏನೂ ಬೇಡ. ನಾನು ಹೇಳೋ ತನಕ ಮಲಗ್ಬೇಕು."

"ಓಡಿದ್ರೆ ಏನಾಗುತ್ತೆ ಡಾಕ್ಟ್ರೇ?" ಎಂದರು ಭಾವ.

"ಒಂದು ದಿನ ನಿಂತುಹೋಗುತ್ತೆ. ಮೊದಲೇ ಹೇಳಿ ಬರಲ್ಲ ಅದು."

ಭಾವ ತಲೆಯಾಡಿಸಿದರು. ಆ ತಲೆಯಾಟ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಗಿರಾಕಿಗಳು ನಾಳೆ ಬರ್ತೀನಿ ಎಂದು ಹೇಳಿ ಹೋಗುವಾಗ ಹೀಗೆಯೇ ಆಡಿಸುತ್ತಾರೆ.

ಅಕ್ಕ ಅವರ ಬೂಟುಗಳನ್ನು ನನ್ನ ಬಟ್ಟೆ ಚೂರುಗಳ ಮೂಟೆಯಲ್ಲಿ ಹೂತಿಟ್ಟಳು. ಕೆಳಗಿನ ಕೋಣೆಯಲ್ಲಿ ಹಾಸಿಗೆ ಹಾಕಿದೆವು. ಗಾರ್ಡ್ ಸಾಹೇಬರ ಮನೆಗೆ ಅಕ್ಕನೇ ಹೋಗಿ, ಹುಷಾರಿಲ್ಲ, ಕೆಲವು ದಿನ ಬರುವುದಿಲ್ಲ ಎಂದು ಹೇಳಿ ಬಂದಳು. ಭಾವ ಮಲಗಿದರು. ಮಲಗಿದರು ಎನ್ನುವುದು ಹೆಸರಿಗೆ. ಹೊದಿಕೆಯೊಳಗೆ ಪಾದಗಳು ಸುಮ್ಮನಿರುತ್ತಿರಲಿಲ್ಲ. ನಾವು ನೋಡಿದರೆ ನಿಲ್ಲಿಸುವುದು, ಬೆನ್ನು ತಿರುಗಿಸಿದರೆ ಮತ್ತೆ ಶುರು. ಬಂದವರ ಮುಂದೆ ಎದ್ದು ಕೂತು, "ಏನಿಲ್ಲ, ಸ್ವಲ್ಪ ಸೋಮಾರಿತನ" ಎನ್ನುತ್ತಿದ್ದರು. ಕಾಯಿಲೆಯ ಮನುಷ್ಯ ಮಲಗಿದ್ದಕ್ಕೆ ಕಳ್ಳತನ ಮಾಡಿದವನಂತೆ ತಲೆ ತಗ್ಗಿಸುವುದನ್ನು ನೋಡಿ ನನಗೆ ಅಳುವೂ ಬಂತು, ಸಿಟ್ಟೂ ಬಂತು. ತುಳಿದು ತುಳಿದು ಎಡಗಾಲು ನೋವೆಂದರೆ ನನ್ನ ಯಂತ್ರಕ್ಕೆ ಬಟ್ಟೆ ಹೊದಿಸಿ ನಾನು ಮಧ್ಯಾಹ್ನವೆಲ್ಲ ಗೊರಕೆ ಹೊಡೆಯುತ್ತೇನೆ. ಯಾರ ಅಪ್ಪಣೆ ಬೇಕು ಅದಕ್ಕೆ?

ಒಂದು ಮಧ್ಯಾಹ್ನ ಬಚ್ಚಲುಮನೆಯಲ್ಲಿ ನಲ್ಲಿ ಸುರಿಯುತ್ತಲೇ ಇತ್ತು. ಬಕೆಟ್ಟು ತುಂಬಿ ಹರಿಯುವ ಸದ್ದು. ಅದರ ಅಡಿಯಲ್ಲಿ ಇನ್ನೊಂದು ಸದ್ದು, ಹುಂ, ಹುಂ ಎಂದು. ಅಕ್ಕ ನನ್ನನ್ನು ನೋಡಿದಳು. ಇಬ್ಬರೂ ಬಾಗಿಲಿಗೆ ಕಿವಿ ಹಚ್ಚಿದೆವು. ಒಳಗೆ ಭಾವ ಬಸ್ಕಿ ಹೊಡೆಯುತ್ತಿದ್ದರು. ಉಸಿರು ಹರಿದ ಬಟ್ಟೆಯಂತೆ ಪರಪರ ಬರುತ್ತಿತ್ತು. ಅಕ್ಕ ಬಾಗಿಲು ಬಡಿಯಲು ಕೈ ಎತ್ತಿದಳು. ಅಷ್ಟರಲ್ಲಿ ಆ ಸದ್ದು ನಿಂತಿತು. ನೀರಿನ ಸದ್ದೊಂದೇ ಉಳಿಯಿತು.

ಚಿಲಕ ಸಡಿಲವಿತ್ತು, ಒಂದೇ ಒದೆತಕ್ಕೆ ಬಿಟ್ಟಿತು. ಭಾವ ಒದ್ದೆ ನೆಲದಲ್ಲಿ ಕೂತಿದ್ದರು, ತುಟಿ ನೀಲಿಗಟ್ಟಿತ್ತು. ಹಾಸಿಗೆಗೆ ತಂದು ಹಾಕಿದೆವು. ಅಕ್ಕ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಎತ್ತಿ ಎತ್ತಿ ಹಾಕತೊಡಗಿದಳು. ನಾನು ಹಾಸಿಗೆಯ ಪಕ್ಕ ಕೂತೆ.

"ಯಾಕೆ ಭಾವ? ಅಕ್ಕನ್ನ ಒಂಟಿ ಮಾಡ್ಬೇಕು ಅಂತ ತೀರ್ಮಾನ ಮಾಡಿದ್ದೀರಾ?"

ಅವರು ಗೋಡೆ ಕಡೆ ತಿರುಗಿದರು. ಗೋಡೆಗೇ ಹೇಳಿದರು: "ಆಗಲ್ಲ ಅಂತ ನಾನು ಮಲಗಿದ್ರೆ, ಮಲಗಿ ವಾಸಿಯಾದ್ರೆ, ಅವತ್ತು ಅಜ್ಜನೂ ಮಲಗಿದ್ರೆ ಬದುಕ್ತಿದ್ರು ಅಂತಾಗುತ್ತಲ್ಲಮ್ಮಾ. ಮೈ ಮಾತು ಕೇಳ್ಬಾರ್ದು ಅಂದೋನು ನಾನು. ಅದು ಸುಳ್ಳಾದ್ರೆ ನಾನೇನಾದೆ?"

ಹೊರಗೆ ಎದುರು ಮನೆಯ ಅಜ್ಜಿ ಗೇಟು ಹಾಕಿದ ಸದ್ದಾಯಿತು. ಭಾವ ಸರಿಮಾಡಿದ ಮೇಲೆ ಆ ಗೇಟು ಕಿರುಗುಡುತ್ತಿರಲಿಲ್ಲ, ಕೊನೆಯಲ್ಲಿ ಟಕ್ಕೆಂದು ಒಂದು ಸದ್ದು ಅಷ್ಟೇ. ಆ ಟಕ್ಕಿಗೆ ಭಾವ ಹೊದಿಕೆಯನ್ನು ತಲೆಯ ತನಕ ಎಳೆದುಕೊಂಡರು.

ಮರುದಿನ ಬೆಳಗಿನ ಜಾವ ಮತ್ತೆ ಮಂಜು. ನನಗೆ ಎಚ್ಚರವಾದದ್ದು ಸೀಟಿಗೆ. ದೂರದಲ್ಲಿ ಒಂದು ಸಲ ಊದಿ ನಿಂತಿತು. ಆಮೇಲೆ ಬೂಟುಗಳ ಸದ್ದು. ಮೈದಾನದ ಕಡೆ ಹೋಗುವುದೆಂದುಕೊಂಡೆ. ಮೂಲೆ ತಿರುಗಿತು. ಹತ್ತಿರವಾಯಿತು. ನಮ್ಮ ಬಾಗಿಲ ಮುಂದೆ ನಿಂತಿತು.

ಗುಂಪಿನವರ ಮೇಲೆ ತಪ್ಪು ಹೊರಿಸಲು ನನಗೆ ಈಗಲೂ ಮನಸ್ಸಿಲ್ಲ. ಅಕ್ಕ ಎಲ್ಲರಿಗೂ, ವ್ಯಾನಿನಲ್ಲಿ ಕರೆದೊಯ್ದ ಬೇಕರಿಯವನಿಗೂ, ಹುಷಾರಿಲ್ಲ ಎಂದಿದ್ದಳೇ ಹೊರತು ಹೃದಯ ಎಂದಿರಲಿಲ್ಲ. ಹೇಳಿದರೆ ಕೆಲಸ ಕೊಡುವವರು ಹಿಂದೆ ಸರಿಯುತ್ತಾರೆಂಬ ಭಯ ಅವಳಿಗೆ. ಅವರಿಗೋ ಮಾಡಿದ ಆಣೆ. ಗೆಳೆಯ ಮಂಕಾಗಿ ಮಲಗಿದ್ದಾನೆ, ಎಬ್ಬಿಸಿದರೆ ಸರಿಹೋಗುತ್ತಾನೆ ಎಂಬ ಪ್ರೀತಿ. ಆ ಪ್ರೀತಿ ಬಾಗಿಲ ಹೊರಗೆ ಚಪ್ಪಾಳೆ ಹೊಡೆಯತೊಡಗಿತು.

ನಾನು ಎದ್ದು ಬರುವಷ್ಟರಲ್ಲಿ ಭಾವ ಹಾಸಿಗೆಯಲ್ಲಿರಲಿಲ್ಲ. ಕತ್ತಲಲ್ಲಿ, ನನ್ನ ಹೊಲಿಗೆ ಕೋಣೆಯ ಮೂಲೆಯಲ್ಲಿ, ಮೂಟೆ ಬಿಚ್ಚಿ ಬಟ್ಟೆ ಚೂರುಗಳನ್ನು ಎರಡೂ ಕೈಯಲ್ಲಿ ಎಳೆದು ಹಾಕುತ್ತಿದ್ದರು. ಬೂಟುಗಳು ಎಲ್ಲಿವೆಯೆಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಅಕ್ಕ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ರೀ, ಬೇಡ. ನಿಮ್ ಕಾಲಿಗೆ ಬೀಳ್ತೀನಿ, ಬೇಡ."

"ನಿಲ್ಲಿಸಲ್ಲ ಕಣೇ ಅವ್ರು. ನಾನೇ ಹೇಳಿದ್ದೀನಿ, ನಿಲ್ಲಿಸಬಾರ್ದು ಅಂತ. ಒಂದೇ ಒಂದು ಸುತ್ತು, ಅಜ್ಜನ ಸುತ್ತು. ಬಂದ್ಬಿಡ್ತೀನಿ."

ಒಂದು ಬೂಟು ಸಿಕ್ಕಿತು. ಹಾಕಿಕೊಂಡರು. ಲೇಸು ಕಟ್ಟಲು ಬಗ್ಗಿದರು, ಬಗ್ಗಲಾಗಲಿಲ್ಲ. ಉಸಿರು ಕಟ್ಟಿ ಗೋಡೆ ಹಿಡಿದುಕೊಂಡರು. ಮತ್ತೆ ಬಗ್ಗಿದರು. ಹೊರಗೆ ತಾಳ ಜೋರಾಯಿತು. ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು. ಭಾವ ನನ್ನ ಕಡೆ ನೋಡಿದರು.

"ಸ್ವಲ್ಪ ಕಟ್ಟಮ್ಮಾ."

ಆ ದನಿಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಚಿಕ್ಕ ಮಕ್ಕಳು ಶಾಲೆಗೆ ಹೊತ್ತಾಯಿತೆಂದು ಕೇಳುವಂತಿತ್ತು. ನಾನು ಮಂಡಿಯೂರಿ ಕೂತೆ. ಲೇಸನ್ನು ಕೈಗೆ ತೆಗೆದುಕೊಂಡೆ. ಮೇಜಿನ ಮೇಲಿದ್ದ ಕತ್ತರಿ ಎತ್ತಿಕೊಂಡು ಲೇಸನ್ನು ಬುಡದಲ್ಲೇ ಕಚಕ್ಕೆಂದು ಕತ್ತರಿಸಿದೆ.

ಭಾವ ನನ್ನನ್ನೇ ನೋಡಿದರು. ಹೊಡೆಯುತ್ತಾರೆಂದುಕೊಂಡೆ. ಹೊಡೆಯಲಿಲ್ಲ. ಅಕ್ಕನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಒಂದು ಕಾಲಿಗೆ ಸಡಿಲ ಬೂಟು, ಇನ್ನೊಂದು ಬರಿಗಾಲು, ಹಾಗೇ ಹೋಗಿ ಬಾಗಿಲು ತೆರೆದರು. ಮಂಜು ಒಳಗೆ ಬಂತು. ಮಂಜಿನಲ್ಲಿ ಅವರೆಲ್ಲ ಅರ್ಧಚಂದ್ರದಂತೆ ನಿಂತಿದ್ದರು, ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ಕೈಗಳು ಮಾತ್ರ ಕೂಡಿ ಬಿಡುತ್ತಿದ್ದವು. ಅವರನ್ನು ಕಂಡು ಗುಂಪು ಹೋ ಎಂದಿತು.

"ಇವತ್ತು ಬೇಡ" ಎಂದರು ಭಾವ.

ಯಾರೋ ನಕ್ಕರು. ಚಪ್ಪಾಳೆ ಇನ್ನೂ ಜೋರಾಯಿತು. ಆಣೆ ಹಾಗಿತ್ತಲ್ಲ.

"ಇವತ್ತು ಬೇಡ ಕಣ್ರಪ್ಪಾ. ಮೈ ಏಳ್ತಾ ಇಲ್ಲ." ಎದುರು ಮನೆಯ ಕಡೆ ಕೈ ತೋರಿಸಿದರು. "ಅಜ್ಜನೂ ಇದೇ ಹೇಳಿದ್ರು. ಅವರಿಗೆ ಆಗ್ತಿರ್ಲಿಲ್ಲ. ಹೇಳಿದ್ರು, ನಾನು ಕೇಳ್ಲಿಲ್ಲ. ಮೈ ಮಾತು ಕೇಳ್ಬಾರ್ದು ಅಂತ ಹೇಳಿ ಕರ್ಕೊಂಡು ಹೋದೆ. ನಾನೇ ಕರ್ಕೊಂಡು ಹೋದೆ ಅವರನ್ನ."

ಬೇಕರಿಯವನ ಕೈ ಮೊದಲು ನಿಂತಿತು. ಆಮೇಲೆ ಒಬ್ಬೊಬ್ಬರದಾಗಿ. ಗಾರ್ಡ್ ಸಾಹೇಬರು ಸೀಟಿಯನ್ನು ಬಾಯಿಂದ ತೆಗೆದರು. ಬೀದಿ ಎಷ್ಟು ನಿಶ್ಶಬ್ದವಾಯಿತೆಂದರೆ ಭಾವ ಉಸಿರೆಳೆಯುವುದು ಎಲ್ಲರಿಗೂ ಕೇಳುತ್ತಿತ್ತು. ಆಗ ಗುಂಪಿನ ಹಿಂದಿನಿಂದ ಟಕ್ಕೆಂದು ಸದ್ದಾಯಿತು. ಅಂಚೆಯಜ್ಜಿಯ ಗೇಟು.

ಅಜ್ಜಿ ಶಾಲು ಹೊದ್ದು ಗೇಟಿನ ಹೊರಗೆ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಭಾವ ಚೌಕಟ್ಟು ಹಿಡಿದುಕೊಂಡರು. ನಾನು ಅವರ ತೋಳು ಹಿಡಿದೆ. ಅಜ್ಜಿ ನಿಧಾನವಾಗಿ ಬೀದಿ ದಾಟಿದರು. ಗುಂಪು ದಾರಿ ಬಿಟ್ಟಿತು. ಮೆಟ್ಟಿಲ ಕೆಳಗೆ ನಿಂತು ಅವರು ಭಾವನ ಮುಖ ನೋಡಲಿಲ್ಲ, ಬೂಟು ನೋಡಿದರು, ತುಂಡಾದ ಲೇಸು ನೋಡಿದರು.

"ಅವತ್ತು ಅವರಿಗೂ ಬಗ್ಗಕ್ಕಾಗ್ಲಿಲ್ಲ" ಎಂದರು ಅಜ್ಜಿ. "ಲೇಸು ಕಟ್ಟಿ ಕಳಿಸ್ದೋಳು ನಾನು. ಎದ್ದೇಳಿ, ಬೀದಿಯೋರೆಲ್ಲ ನೋಡ್ತಾರೆ, ಮರ್ಯಾದೆ ಹೋಗುತ್ತೆ ಅಂದೆ. ಆ ಚಪ್ಪಾಳೆ ನಿಂತ್ರೆ ಸಾಕಾಗಿತ್ತು ನನಗೆ."

ಅಜ್ಜಿ ತಲೆಯೆತ್ತಿ ಭಾವನ ಮುಖ ನೋಡಿದರು.

"ನೀನು ನನ್ನ ಮನೆ ನಲ್ಲಿ ಸರಿಮಾಡ್ಕೊಂಡು ತಿರುಗ್ತಾ ಇದ್ಯಲ್ಲ, ನಾನು ಯಾವ ನಲ್ಲಿ ಸರಿಮಾಡ್ಲಿ ಹೇಳು?" ಅಜ್ಜಿ ಮೆಟ್ಟಿಲು ಹತ್ತಿ ಬಂದು, ಭಾವನ ಎದೆಯ ಮೇಲೆ ಅಂಗೈ ಇಟ್ಟು, ಒಂದು ಕ್ಷಣ ಹಾಗೇ ನಿಂತರು. "ಎಷ್ಟು ಜೋರಾಗಿ ಹೊಡ್ಕೊಳ್ತಾ ಇದೆ ಇದು. ಹೋಗು, ಮಲಗು. ಯಾರಿಗೂ ಏನೂ ಹೇಳ್ಬೇಕಾಗಿಲ್ಲ ನೀನು. ಹೋಗಪ್ಪಾ."

ಭಾವ ಹೋದರು. ಬೂಟನ್ನು ಬಾಗಿಲಲ್ಲೇ ಬಿಟ್ಟು, ಅಕ್ಕನ ಹೆಗಲು ಹಿಡಿದು ಹೋಗಿ ಮಲಗಿದರು. ಅವತ್ತು ಅವರ ಪಾದಗಳು ಹೊದಿಕೆಯೊಳಗೆ ಅಲುಗಾಡಲಿಲ್ಲ. ಹಾಗಾಗಿ ನಮಗೆ ಇನ್ನೂ ಭಯವಾಯಿತು. ಇಡೀ ದಿನ ಅಕ್ಕನೂ ನಾನೂ ಸರದಿಯಂತೆ ಹೋಗಿ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆವು. ಬಿಸಿ ಉಸಿರು ಬರುತ್ತಿತ್ತು. ಸಂಜೆ ಎದ್ದು, ಹಸಿವಾಗ್ತಿದೆ ಎಂದರು.

ಈಗಲೂ ಅವರು ಮಲಗಿಯೇ ಇದ್ದಾರೆ. ಊದಿದ್ದು ಸ್ವಲ್ಪ ಇಳಿದಿದೆ, ಪೂರ್ತಿ ಇಳಿಯುತ್ತದೋ ಇಲ್ಲವೋ ಈಗಲೇ ಹೇಳಲಾರೆ ಎಂದು ಡಾಕ್ಟರು ಹೇಳುತ್ತಾರೆ. ಬಂದವರು ಕೇಳಿದರೆ ಭಾವ ಎದ್ದು ಕೂರುವುದಿಲ್ಲ. ದಿಂಬಿನ ಮೇಲಿಂದಲೇ, "ರೆಸ್ಟ್ ತಗೊಳ್ತಾ ಇದ್ದೀನಿ" ಎನ್ನುತ್ತಾರೆ. ನೆಪ ಹೇಳುವುದಿಲ್ಲ, ಸೋಮಾರಿತನ ಎನ್ನುವುದೂ ಇಲ್ಲ. ನಾನು ಬಿಳಿ ಬಟ್ಟೆಗಳನ್ನು ಅವರ ಹಾಸಿಗೆಯ ಪಕ್ಕದಲ್ಲೇ ರಾಶಿ ಹಾಕುತ್ತೇನೆ. ಕೈಯ ಕಪ್ಪು ಮಾಸುತ್ತಾ ಬಂದಿದೆ. ಅದು ಮಾಸುವುದು ಮಾತ್ರ ನನಗೆ ಇಷ್ಟವಿಲ್ಲ.

ಗುಂಪು ನಮ್ಮ ಬೀದಿಗೆ ಬರುವುದನ್ನು ಬಿಟ್ಟಿತು. ಆದರೆ ಅಭ್ಯಾಸ ಅಷ್ಟು ಬೇಗ ಸಾಯುತ್ತದೆಯೇ? ನಿನ್ನೆ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗ, ಹಿಂದಿನ ಓಣಿಯಲ್ಲಿ ಬೂಟುಗಳ ಸದ್ದು ಕೇಳಿತು. ನಿಂತಿತು. ಚಪ್ಪಾಳೆ ಶುರುವಾಯಿತು. ಆ ಓಣಿಯಲ್ಲಿ ಕಂಡಕ್ಟರನ ಮನೆ, ಅವನಿಗೆ ಮೊನ್ನೆಯಿಂದ ಕೆಮ್ಮು ಜ್ವರ. ನಾನು ಹಾಸಿಗೆಯಲ್ಲಿ ಎದ್ದು ಕೂತೆ. ಪಕ್ಕದ ಕೋಣೆಯಲ್ಲಿ ಅಕ್ಕನಿಗೂ ಎಚ್ಚರವಾಗಿದ್ದು ತೆರೆದ ಬಾಗಿಲಿನಿಂದ ಕಂಡಿತು. ಭಾವನ ಎದೆಯ ಮೇಲೆ ಕೈ ಇಟ್ಟುಕೊಂಡು ಅವಳು ಕೇಳಿಸಿಕೊಳ್ಳುತ್ತಿದ್ದಳು.

ಎದುರು ಮನೆಯಲ್ಲಿ ದೀಪ ಹತ್ತಿತು. ಗೇಟು ಟಕ್ಕೆಂದಿತು. ಚಪ್ಪಲಿಯ ಸದ್ದು ಮೆಲ್ಲಗೆ ಬೀದಿಯುದ್ದಕ್ಕೂ ಹೋಗಿ ಓಣಿಗೆ ತಿರುಗಿತು. ಚಪ್ಪಾಳೆ ಇನ್ನೂ ಕೆಲವು ಸಲ ಬಿತ್ತು, ಆಮೇಲೆ ನಡುವೆಯೇ ನಿಂತುಹೋಯಿತು.

"ಯಾಕೇ ನಿಂತ್ಹೋಯ್ತು?" ಎಂದು ಭಾವ ನಿದ್ದೆಗಣ್ಣಿನಲ್ಲೇ ಕೇಳಿದರು.

"ಅಜ್ಜಿ ಹೋಗಿದ್ದಾರೆ. ನೀವು ಮಲಗಿ" ಎಂದಳು ಅಕ್ಕ.

ಅವರು ಮಗ್ಗಲು ಬದಲಿಸಿ ಮತ್ತೆ ನಿದ್ದೆ ಹೋದರು.